ಮಳೆಗಾಲದ ಊರಿನಲ್ಲಿ ಮರದ ಪೆನ್ನು ರಿಪೇರಿ

ಮರದ ಪೆನ್ನು ಬಿರುಕು ಬಿಟ್ಟ ಕೂಡಲೇ ಎಲ್ಲರ ಕೈ ಹೋಗುವುದು ಫೆವಿಕ್ವಿಕ್ಕಿಗೆ. ಮಂಗಳೂರು, ಉಡುಪಿ ಕಡೆ ಈ ಅವಸರವೇ ಪೆನ್ನಿಗೆ ಎರಡನೇ ಪೆಟ್ಟು. ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 85–90 ಇರುವಾಗ ಮರ ಉಬ್ಬಿ ಬಿರುಕು ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ. ಆಗ ಅಂಟು ಹಾಕಿದರೆ ಕೆಲಸ ಚಂದ ಕಾಣುತ್ತದೆ. ಜನವರಿ ಬರಲಿ, ಅದೇ ಜಾಗದಲ್ಲಿ, ಇಲ್ಲವೇ ಪಕ್ಕದ ಎಳೆಯಲ್ಲಿ, ಮತ್ತೆ ಬಾಯಿ ಬಿಡುತ್ತದೆ. ಅಂಟನ್ನು ಬೈದು ಫಲವಿಲ್ಲ. ಒದ್ದೆ ಮರಕ್ಕೆ ಹಾಕಿದ ಅಂಟು ಹಿಡಿದದ್ದು ಉಬ್ಬಿದ ಮರವನ್ನು. ಹಾಗಾಗಿ ಈ ಬರಹದಲ್ಲಿ ಅಂಟಿಗಿಂತ ಒಣಗಿಸುವುದರ ಬಗ್ಗೆಯೇ ಮಾತು ಜಾಸ್ತಿ.

ಇಲ್ಲಿ ಹೇಳುವುದು ಮುಖ್ಯವಾಗಿ ಲೇತಿನಲ್ಲಿ ಕಡೆದ ಬಾಲ್‌ಪೆನ್ನುಗಳ ಬಗ್ಗೆ, ಅದರಲ್ಲೂ ಸ್ಲಿಮ್‌ಲೈನ್ ಅನ್ನುವ ತೆಳು ಮಾದರಿ. ಕೈಕೆಲಸದ ಮಳಿಗೆಗಳಲ್ಲಿ, ಉಡುಗೊರೆ ಪೆಟ್ಟಿಗೆಗಳಲ್ಲಿ ಸಿಗುವ ಮರದ ಪೆನ್ನುಗಳಲ್ಲಿ ಬಹಳಷ್ಟು ಇದೇ ಜಾತಿ. ಮೇಲೊಂದು ಕೆಳಗೊಂದು ಮರದ ತುಂಡು. ಎರಡರ ಒಳಗೂ ಸುಮಾರು 53 ಮಿ.ಮೀ. ಉದ್ದದ, 7 ಮಿ.ಮೀ. ಹೊರವ್ಯಾಸದ ಹಿತ್ತಾಳೆ ನಳಿಗೆ ಅಂಟಿಸಿರುತ್ತಾರೆ. ಕೆಳಗಿನ ತುಂಡಿನ ತುದಿಗೆ ಲೋಹದ ಮೊನೆ, ಅದರ ಇನ್ನೊಂದು ತುದಿಗೆ ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ತಿರುಗಣೆ, ನಡುವೆ ಒಂದು ರಿಂಗು, ಮೇಲಿನ ತುಂಡಿನ ತಲೆಗೆ ಕ್ಲಿಪ್ಪು ಮತ್ತು ಟೋಪಿ. ಇವಕ್ಕೆ ಸ್ಕ್ರೂ ಇಲ್ಲ, ಅಂಟೂ ಇಲ್ಲ. ಎಲ್ಲವೂ ನಳಿಗೆಯೊಳಗೆ ಒತ್ತಿ ಕೂರಿಸಿದ್ದು. ಒತ್ತಿ ಕೂರಿಸಿದ್ದನ್ನು ತಟ್ಟಿ ಬಿಡಿಸಬಹುದು. ಇಷ್ಟು ಗೊತ್ತಿದ್ದರೆ ಅರ್ಧ ರಿಪೇರಿ ಆದ ಹಾಗೆ.

ಬಿರುಕು ಎಲ್ಲಿಂದ ಶುರುವಾಗಿದೆ ನೋಡಿ

ಪೆನ್ನನ್ನು ಬೆಳಕಿಗೆ ಹಿಡಿದು ಬಿರುಕಿನ ಎರಡೂ ತುದಿ ನೋಡಿ. ಬಾಯಿಯ ಅಂಚಿನಿಂದ, ಅಂದರೆ ರಿಂಗು ಅಥವಾ ಮೊನೆ ತಾಗುವ ಜಾಗದಿಂದ ಹೊರಟು 3ರಿಂದ 8 ಮಿ.ಮೀ. ಹೋಗಿ ನಿಂತಿದ್ದರೆ ಅದು ಜೋಡಿಸುವಾಗ ಆದ ತಪ್ಪು. ನಳಿಗೆ ಅಂಟಿಸುವಾಗ ಅಂಟು ಅದರ ಒಳಗೂ ಹೋಗಿ ಗಟ್ಟಿಯಾಗಿರುತ್ತದೆ. ಅದನ್ನು ಕೆರೆಯದೆ ಲೋಹದ ಭಾಗವನ್ನು ಒತ್ತಿದಾಗ ನಳಿಗೆ ಕೂದಲೆಳೆಯಷ್ಟು ಅಗಲವಾಗುತ್ತದೆ, ಹೊರಗಿನ ತೆಳು ಮರ ಸೀಳುತ್ತದೆ. ಈ ಬಿರುಕಿಗೆ ಮೇಲಿಂದ ಏನು ತುಂಬಿದರೂ ದಂಡ. ಲೋಹ ಬಿಚ್ಚಿ, ನಳಿಗೆಯ ಒಳಬಾಯಿಯನ್ನು 220ರ ಸ್ಯಾಂಡ್‌ಪೇಪರ್ ಸುರುಳಿ ಸುತ್ತಿ ಹೊಳೆಯುವ ತನಕ ಕೆರೆಯಬೇಕು.

ಮೈಯ ನಡುವಿನಲ್ಲಿ, ಎಳೆಯ ಗುಂಟ ಉದ್ದಕ್ಕೆ ಹೋಗಿರುವ ಬಿರುಕಿನ ಕಥೆ ಬೇರೆ. ಅದು ಮರ ಕುಗ್ಗಿದ್ದರಿಂದ ಆದದ್ದು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಡ್ಡಕ್ಕೆ. ಹಿತ್ತಾಳೆ ತೇವಕ್ಕೆ ಜಗ್ಗುವುದೂ ಇಲ್ಲ, ಬಗ್ಗುವುದೂ ಇಲ್ಲ. ಅದನ್ನು ತಬ್ಬಿಕೊಂಡ ಮರ ಮಾತ್ರ ಬಿಗಿಯಾಗುತ್ತ ಹೋಗಿ ಎಲ್ಲಿ ಸೋಲುತ್ತದೋ ಅಲ್ಲಿ ಸೀಳುತ್ತದೆ.

ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಬಹುದು. ಮಳೆಗಾಲದ ಶೇ. 85 ತೇವದ ಗಾಳಿಯಲ್ಲಿ ಬಿಟ್ಟ ಮರ ತನ್ನ ಒಣತೂಕದ ಸುಮಾರು ಶೇ. 17ರಷ್ಟು ನೀರು ಹಿಡಿದಿರುತ್ತದೆ. ಶೇ. 50 ತೇವ ಇರುವ ಎ.ಸಿ. ಆಫೀಸಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಅದು 9ಕ್ಕೆ ಇಳಿಯುತ್ತದೆ. ಸಾಗುವಾನಿ ಹಸಿಯಿಂದ ಪೂರ್ತಿ ಒಣಗುವಾಗ ಬೆಳವಣಿಗೆಯ ಬಳೆಗಳ ದಿಕ್ಕಿನಲ್ಲಿ ಶೇ. 5.8, ತಿರುಳಿನಿಂದ ಹೊರಕ್ಕೆ ಶೇ. 2.5 ಕುಗ್ಗುವ ಮರ. ಕುಗ್ಗುವಿಕೆಯಲ್ಲಿ ಇದು ಒಳ್ಳೆಯ ಮರವೇ. ಆದರೂ 11 ಮಿ.ಮೀ. ದಪ್ಪದ ಪೆನ್ನಿನ ಸುತ್ತಳತೆ ಸುಮಾರು 34.5 ಮಿ.ಮೀ., ಅದರಲ್ಲಿ 8 ಅಂಶ ನೀರು ಹೋದರೆ ಹೆಚ್ಚುಕಡಿಮೆ 0.4 ಮಿ.ಮೀ. ಕೊರತೆ ಬೀಳುತ್ತದೆ. ಝೆರಾಕ್ಸ್ ಕಾಗದ ನಾಲ್ಕು ಹಾಳೆ ಒಟ್ಟಿಗೆ ಹಿಡಿದರೆ ಎಷ್ಟು ದಪ್ಪವೋ ಅಷ್ಟು. ಬಿರುಕಿಗೆ ಉಗುರು ಸಿಕ್ಕಿಕೊಳ್ಳಲು ಅಷ್ಟು ಸಾಕಲ್ಲ!

ಹಳೇ ಹಂಚಿನ ಮನೆ ಕೆಡವಿದಾಗ ಸಿಕ್ಕ ಪಕ್ಕಾಸಿನಿಂದ, ಕಂಬದಿಂದ ಕಡೆದ ಪೆನ್ನು ಬಿರುಕು ಬಿಡುವುದಿಲ್ಲ ಅಂತ ಒಂದು ನಂಬಿಕೆ ಉಂಟು. ಹಳೇ ಮರದಲ್ಲಿ ಒಳಗಿನ ಸೆಳೆತ ಕಡಿಮೆ, ಅದು ನಿಜ. ಆದರೆ ನೂರು ವರ್ಷದ ಪಕ್ಕಾಸೂ ಗಾಳಿಯ ನೀರನ್ನು ಕುಡಿಯುತ್ತದೆ, ಬಿಡುತ್ತದೆ. ಮಾಡಿನಡಿ ಇದ್ದ ಮರವನ್ನು ಆಗಸ್ಟಿನಲ್ಲಿ ತಂದು ಅದೇ ವಾರ ಕಡೆದರೆ ಅದೂ ಸೀಳುತ್ತದೆ.

ಬಿಚ್ಚುವುದು

ಒಣಗಿಸುವ ಮೊದಲೇ ಬಿಚ್ಚಿ. ಮರ ನೀರು ಬಿಡುವುದು ಎಲ್ಲಕ್ಕಿಂತ ಬೇಗ ಎಳೆ ಕೊನೆಯಾಗುವ ಕಡೆ, ಅಂದರೆ ಎರಡು ಬಾಯಿಗಳಲ್ಲಿ. ಅಲ್ಲಿ ಲೋಹ ಮುಚ್ಚಿಕೊಂಡು, ಮೈಮೇಲೆ ಪಾಲಿಶ್ ಇದ್ದರೆ ನೀರಿಗೆ ಹೊರಗೆ ಹೋಗಲು ದಾರಿ ಎಲ್ಲಿ?

ಮೇಲಿನ ತುಂಡನ್ನು ಸ್ವಲ್ಪ ತಿರುಗಿಸುತ್ತ ನೇರಕ್ಕೆ ಎಳೆಯಿರಿ, ಬರುತ್ತದೆ. ರೀಫಿಲ್ಲು ತಿರುಗಣೆಯ ಹಿಂಬದಿಯಿಂದ ಸ್ಕ್ರೂ ಆಗಿರುತ್ತದೆ, ಎಡಕ್ಕೆ ತಿರುಗಿಸಿ ತೆಗೆಯಿರಿ. ಈಗ ತಿರುಗಣೆಯ ನಡುವೆ ಒಂದು ತೂತು ಕಾಣುತ್ತದೆ. ಅದರೊಳಗಿಂದ 2.5 ಮಿ.ಮೀ. ಉಕ್ಕಿನ ಕಡ್ಡಿ ಇಳಿಸಿದರೆ ಮೊನೆಯ ಹಿಂಭಾಗಕ್ಕೆ ತಾಗುತ್ತದೆ. ಕೆಳಗೆ ಚಿಂದಿಬಟ್ಟೆ ಹಾಸಿ, ಪೆನ್ನಿನ ಮೈಯನ್ನು ಕೈಯಲ್ಲೇ ಹಿಡಿದು, ಸಣ್ಣ ಸುತ್ತಿಗೆಯಿಂದ ಮೆಲ್ಲ ತಟ್ಟಿ. ವೈಸಿಗೆ ಕಚ್ಚಿಸಬೇಡಿ ಮಾರಾಯ್ರೆ. ಬಿರುಕು ಬಿಟ್ಟ ಮರ ವೈಸಿನ ಬಾಯಲ್ಲಿ ಎರಡು ಹೋಳಾಗುತ್ತದೆ. ಮೊನೆ ಬಿದ್ದ ಮೇಲೆ ಆ ಕಡೆಯಿಂದ 6 ಮಿ.ಮೀ. ಕಡ್ಡಿ ಹಾಕಿ ತಿರುಗಣೆಯನ್ನು ಹಿಂದಕ್ಕೆ ಹೊರಡಿಸಿ. ನಳಿಗೆಯ ಒಳವ್ಯಾಸ 6.3 ಮಿ.ಮೀ. ಆಸುಪಾಸು ಇರುವುದರಿಂದ 6ರ ಕಡ್ಡಿ ಸಲೀಸಾಗಿ ಹೋಗುತ್ತದೆ. ಮೇಲಿನ ತುಂಡಿನ ಕ್ಲಿಪ್ಪು, ಟೋಪಿಗೂ ಇದೇ ಕಡ್ಡಿ.

ತಿರುಗಣೆಯನ್ನು ತೆಗೆಯುವ ಮೊದಲು ಅದು ನಳಿಗೆಯಿಂದ ಎಷ್ಟು ಹೊರಗೆ ನಿಂತಿದೆ ಅಂತ ಅಳೆದು ಬರೆದಿಡಿ. ತಿರುಗಿ ಜೋಡಿಸುವಾಗ ಈ ಒಂದು ಅಂಕಿ ಇಲ್ಲದೆ ಪರದಾಡಬೇಕಾಗುತ್ತದೆ.

ಯಾವುದೋ ಭಾಗ ಜಪ್ಪಯ್ಯ ಅಂದರೂ ಬರುವುದಿಲ್ಲ ಅಂದರೆ ಹಿಂದೆ ಯಾರೋ ಅದಕ್ಕೆ ಅಂಟು ಹಾಕಿದ್ದಾರೆ ಅಂತಲೇ ಅರ್ಥ. 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಲೋಹಕ್ಕೆ ಒಂದು ನಿಮಿಷ ತಾಗಿಸಿ, ಆಮೇಲೆ ತಟ್ಟಿ. ಸೂಪರ್‌ಗ್ಲೂವೂ (ಫೆವಿಕ್ವಿಕ್ ಜಾತಿಯ ಅಂಟು) ಅರಾಲ್ಡೈಟೂ (ಎರಡು ಟ್ಯೂಬು ಕಲಸಿ ಹಾಕುವ ಅಂಟು) ಬಿಸಿಗೆ ಸೋಲುತ್ತವೆ. ಗ್ಯಾಸ್ ಒಲೆ, ಲೈಟರ್ ಬೇಡ. ಮರದ ಒಂದು ಬದಿ ಮಾತ್ರ ಒಮ್ಮೆಲೇ ಬಿಸಿಯಾದರೆ ಹೊಸ ಬಿರುಕು ಗ್ಯಾರಂಟಿ.

ಒಣಗಿಸುವುದು

ಬಿಸಿಲಿಗೆ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಬೇಡ, ಟಿ.ವಿ. ಹಿಂದೆಯೂ ಬೇಡ. ಮೇಲ್ಮೈ ಒಣಗಿ ಒಳಗೆ ಹಸಿ ಉಳಿದರೆ ಇದ್ದ ಬಿರುಕು ಬೆಳೆಯುತ್ತದೆ. ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಮೊಬೈಲಿನಿಂದ ಪೆನ್ನಿಗೂ ತಂದವರಿದ್ದಾರೆ. ಮಳೆಗಾಲದ ಅಕ್ಕಿ ತಾನೇ ಶೇ. 13–14 ನೀರು ಹಿಡಿದು ಕೂತಿರುತ್ತದೆ, ಅದು ಪೆನ್ನಿನಿಂದ ಎಷ್ಟು ಎಳೆದೀತು?

ಬೇಕಾದದ್ದು ಗಾಳಿಯಾಡದ ಒಂದು ಲೀಟರಿನ ಡಬ್ಬಿ, 100 ಗ್ರಾಂ ಸಿಲಿಕಾ ಜೆಲ್, ಒಳಗೆ ಇಡುವಷ್ಟು ಚಿಕ್ಕ ತೇವಮಾಪಕ. ಜೆಲ್ ಕಿತ್ತಳೆ ಬಣ್ಣದ್ದನ್ನು ತನ್ನಿ, ನೀರು ಕುಡಿದಾಗ ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಯಾಗುವ ಹಳೇ ಜಾತಿಯಲ್ಲಿ ಕೋಬಾಲ್ಟ್ ಇರುವುದರಿಂದ ನೀರು ಕುಡಿದದ್ದನ್ನು ಮತ್ತೆ ಒಣಗಿಸಲು ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡುವಂತಿಲ್ಲ. ಡಬ್ಬಿಯೊಳಗಿನ ತೇವ ಮೊದಲ ಮೂರು ದಿನ 65ರ ಹತ್ತಿರ, ಆಮೇಲೆ 55ರಲ್ಲಿ ನಿಲ್ಲಬೇಕು. ತೀರಾ ಕೆಳಗಿಳಿದರೆ ಅರ್ಧ ಜೆಲ್ ತೆಗೆಯಿರಿ, ಅಥವಾ ಮುಚ್ಚಳವನ್ನು ಒಂದು ನಿಮಿಷ ತೆರೆದು ಮುಚ್ಚಿ. ಸಿಲಿಕಾ ಜೆಲ್ಲಿಗೆ ಹೊಟ್ಟೆ ದೊಡ್ಡದು; ನೋಡದೆ ಬಿಟ್ಟರೆ ಡಬ್ಬಿಯನ್ನು 20ಕ್ಕೆ ಇಳಿಸಿ ಮರವನ್ನು ಹಪ್ಪಳ ಮಾಡಿಬಿಡುತ್ತದೆ.

55 ಯಾಕೆ ಅಂದರೆ, ಪೆನ್ನು ಮುಂದೆ ಬದುಕಬೇಕಾದದ್ದು 50ರ ಎ.ಸಿ. ಕೋಣೆ ಮತ್ತು 85ರ ಮಳೆ ಎರಡರಲ್ಲೂ. ಇನ್ನೂ ಒಣಗಿಸಿ ಬಿರುಕು ಪೂರ್ತಿ ಬಾಯಿ ತೆರೆದಾಗ ಗಟ್ಟಿಯಾಗಿ ತುಂಬಿಬಿಟ್ಟರೆ ಮುಂದಿನ ಜೂನಿನಲ್ಲಿ ಉಬ್ಬಲು ಜಾಗವಿಲ್ಲದೆ ಮರ ನಳಿಗೆಯನ್ನು ಬಿಟ್ಟು ಮೇಲೆ ಏಳುತ್ತದೆ. ಒಣ ಕಡೆಗೆ ಸ್ವಲ್ಪ ವಾಲಿದ ನಡುಹಂತವೇ ಒಳ್ಳೆಯದು.

ಒಣಗಿದೆಯೋ ಇಲ್ಲವೋ ಕೈಗೆ ತಿಳಿಯುವುದಿಲ್ಲ, ತೂಕಕ್ಕೆ ತಿಳಿಯುತ್ತದೆ. ಚಿನ್ನ ತೂಗುವಂಥ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಕೆಳಗಿನ ತುಂಡು ನಳಿಗೆ ಸೇರಿ ಸುಮಾರು 5 ಗ್ರಾಂ ತೂಗುತ್ತದೆ, ಅದರಲ್ಲಿ ಮರ 2 ಗ್ರಾಂ ಮಾತ್ರ. ಹೊರಗೆ ಹೋಗಬೇಕಾದ ನೀರು 0.1ರಿಂದ 0.15 ಗ್ರಾಂ. ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ಮೂರು ದಿನ ಸತತವಾಗಿ 0.01ಕ್ಕಿಂತ ಹೆಚ್ಚು ಇಳಿಯದಿದ್ದರೆ ಮರ ಡಬ್ಬಿಯ ಗಾಳಿಗೆ ಹೊಂದಿಕೊಂಡಿದೆ. ಪಾಲಿಶ್ ಇರುವ ಪೆನ್ನಿಗೆ ಹತ್ತು ಹದಿನೈದು ದಿನ ಬೇಕಾದೀತು.

ಬಿರುಕು ತುಂಬುವುದು

ಅಂಟಿಗಿಂತ ಮೊದಲು ಮೈಮೇಲಿನ ಪಾಲಿಶ್ ಯಾವುದು ಅಂತ ತಿಳಿಯಬೇಕು. ರಿಂಗು ಮುಚ್ಚುವ ಅಂಚಿನಲ್ಲಿ ಹತ್ತಿಕಡ್ಡಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಬಡಗಿಗಳು ಹಾಕುವ ಶೆಲ್ಯಾಕ್. ಸ್ಪಿರಿಟ್ಟಿಗೆ ಜಗ್ಗದೆ ಅಸಿಟೋನಿಗೆ ಕೂಡಲೇ ಕರಗಿದರೆ ಲ್ಯಾಕರ್. ಅಸಿಟೋನಿಗೆ ನಿಧಾನಕ್ಕೆ ಮೆತ್ತಗಾದರೆ ಸೂಪರ್‌ಗ್ಲೂವನ್ನೇ ಪದರ ಪದರವಾಗಿ ಹಚ್ಚಿದ ಪಾಲಿಶ್. ಎರಡಕ್ಕೂ ಏನೂ ಆಗಲಿಲ್ಲವೆಂದರೆ ಪಾಲಿಯುರಿಥೇನ್. ನೀರಿನ ಹನಿಯನ್ನೇ ಮರ ಹೀರಿಕೊಂಡರೆ ಎಣ್ಣೆಯೋ ಮೇಣವೋ, ಅದೂ ಸವೆದಿದೆ.

ಬಿರುಕಿನೊಳಗೆ ಕೈಯ ಬೆವರು, ಮೇಣ, ಶಾಯಿ ಎಲ್ಲ ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಅಸಿಟೋನಿನಲ್ಲಿ ಅದ್ದಿ ಎಳೆಯ ಗುಂಟ ಮೂರು ನಾಲ್ಕು ಸಲ ಉಜ್ಜಿ, ಹತ್ತು ನಿಮಿಷ ಬಿಡಿ. ಉಗುರುಬಣ್ಣ ತೆಗೆಯುವ ದ್ರಾವಣ ಆಗುವುದಿಲ್ಲ, ಅದರಲ್ಲಿ ಎಣ್ಣೆ ಸೇರಿಸಿರುತ್ತಾರೆ. ಬೀಟೆ, ಕರಿಮರದಂಥ ಜಿಡ್ಡಿನ ಮರಕ್ಕೆ ಇದನ್ನು ಎರಡು ಸಲ ಮಾಡಿ, ಎರಡನೇ ಸಲ ಒಣಗಿದ ಹತ್ತು ಹದಿನೈದು ನಿಮಿಷದೊಳಗೆ ಅಂಟು ಹಾಕಿ. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ತುಂಬಲು ಬೇಕಾದ ಹುಡಿಯನ್ನು ಅದೇ ಪೆನ್ನಿನಿಂದ ತೆಗೆಯಿರಿ. ರಿಂಗಿನ ಕೆಳಗೆ ಅಡಗುವ ಅಂಚನ್ನು 320ರ ಪೇಪರಿನಿಂದ ಉಜ್ಜಿದರೆ ಚಿಟಿಕೆ ಹುಡಿ ಸಿಗುತ್ತದೆ, ಅಷ್ಟು ಸಾಕು. ಹಲಸಿನ ಪೆನ್ನಿಗೆ ಇದು ಬಹಳ ಮುಖ್ಯ. ಹೊಸ ಹಲಸಿನ ಹುಡಿ ಅರಸಿನದ ಬಣ್ಣ. ಬೆಳಕು ಕಂಡ ಹಳೇ ಹಲಸು ಜೇನು ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗಿರುತ್ತದೆ. ಹೊಸ ಹುಡಿ ತುಂಬಿದರೆ ಬಿರುಕಿದ್ದ ಜಾಗದಲ್ಲಿ ಹಳದಿ ಗೆರೆ ಎಳೆದ ಹಾಗೆ ಕಾಣುತ್ತದೆ. ಅಂಟು ತಾಗಿದ ಹುಡಿ ಒಂದು ಛಾಯೆ ಕಪ್ಪಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಡಿಯನ್ನು ಬ್ಲೇಡಿನ ಬೆನ್ನಿನಿಂದ ಬಿರುಕಿಗೆ ಒತ್ತಿ ತುಂಬಿ, ಮಟ್ಟಸ ಮಾಡಿ. ಅದರ ಮೇಲೆ ನೀರಿನಷ್ಟು ತೆಳುವಾದ ಸೂಪರ್‌ಗ್ಲೂವನ್ನು ಹಲ್ಲುಕಡ್ಡಿಯ ತುದಿಯಿಂದ ಒಂದೇ ಹನಿ ಬಿಡಿ. ಹನಿ ಮೇಲೆ ನಿಲ್ಲುವುದಿಲ್ಲ. ಬಿರುಕಿನ ಉದ್ದಕ್ಕೆ ಹರಿದು ಒಳಗೆ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಹುಡಿ ಒಮ್ಮೆ ಕಪ್ಪಾಗಿ ಮೇಲ್ಮೈ ಕೊಂಚ ತಗ್ಗುತ್ತದೆ. ತಗ್ಗಿದಲ್ಲಿಗೆ ಮತ್ತೆ ಹುಡಿ, ಮತ್ತೆ ಒಂದು ಹನಿ. ಎರಡು ಮೂರು ಸಲಕ್ಕೆ ಮಟ್ಟ ಬರುತ್ತದೆ. ಪ್ರತಿ ಸಲ ಹತ್ತು ನಿಮಿಷ ಕಾಯಿರಿ. ಬೇಗ ಗಟ್ಟಿಯಾಗಲಿ ಅಂತ ಸ್ಪ್ರೇ ಹೊಡೆಯಬೇಡಿ, ಹುಡಿಯೊಳಗೆ ಗುಳ್ಳೆ ಎದ್ದು ಬಿಳಿ ಚುಕ್ಕೆ ಉಳಿಯುತ್ತದೆ.

ಬಾಯಿಯಲ್ಲಿ ಸೀಳಿದ್ದಾದರೆ ಹುಡಿ ಬೇಡ, ಒತ್ತಿ ಹಿಡಿದರೆ ಮುಚ್ಚುತ್ತದೆ. ಒತ್ತಲು ಕ್ಲಾಂಪಿಗಿಂತ ಹಳೇ ಸೈಕಲ್ ಟ್ಯೂಬು ಒಳ್ಳೆಯದು. 6 ಮಿ.ಮೀ. ಅಗಲಕ್ಕೆ ಕತ್ತರಿಸಿದ ಪಟ್ಟಿಯನ್ನು ಎಳೆದು ಬಿಗಿಯಾಗಿ ಐದಾರು ಸುತ್ತು ಸುತ್ತಿದರೆ ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಟ್ಯೂಬು ಅಂಟಿಕೊಳ್ಳದ ಹಾಗೆ ನಡುವೆ ಹಾಲಿನ ಪ್ಯಾಕೆಟ್ಟಿನ ತುಂಡು ಇಡಿ. ನೂಲು ಸುತ್ತಬೇಡಿ, ಒರಸಲು ಹತ್ತಿಬಟ್ಟೆಯನ್ನೂ ತರಬೇಡಿ. ಹತ್ತಿಗೆ ಸೂಪರ್‌ಗ್ಲೂ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ಒರಸಲು ಟಿಶ್ಯೂ ಕಾಗದವೇ ಸರಿ.

ಅರ್ಧ ಮಿ.ಮೀ.ಗಿಂತ ಅಗಲದ ಬಿರುಕಿಗೆ ಹುಡಿ ಸಾಲದು, ಅದು ವರ್ಷದೊಳಗೆ ಉದುರುತ್ತದೆ. ಅದೇ ಜಾತಿಯ ಮರದಿಂದ ಎಳೆ ಉದ್ದಕ್ಕೆ ಬರುವಂತೆ ಒಂದು ಚೂರು ಸೀಳಿ, ಬೆಣೆಯ ಹಾಗೆ ಒಂದು ಅಂಚನ್ನು ತೆಳು ಮಾಡಿ, ಅರಾಲ್ಡೈಟ್ ಹಚ್ಚಿ ಕೂರಿಸಿ. ಮೇಲೆ ಉಳಿದದ್ದನ್ನು ಮರುದಿನ ಕೆತ್ತಬಹುದು. ತೆಂಗಿನ ಮರದ ಪೆನ್ನಿನಲ್ಲಿ ಮಾತ್ರ ಈ ಬೆಣೆ ಕೆಲಸಕ್ಕೆ ಹೋಗಬೇಡಿ. ಕಪ್ಪು ನಾರು ಗಟ್ಟಿ, ನಡುವಿನ ಬಿಳಿ ಭಾಗ ಬೆಂಡು. ಬೆಣೆ ಬೆಂಡನ್ನು ಹಿಚುಕುತ್ತದೆ ಅಷ್ಟೆ. ಅಲ್ಲಿ ತೆಳು ಸೂಪರ್‌ಗ್ಲೂವನ್ನು ಇಡೀ ತುಂಡಿಗೆ ಕುಡಿಸಿ ಗಟ್ಟಿ ಮಾಡುವುದೇ ದಾರಿ.

ಇನ್ನೊಂದು, ಸೂಪರ್‌ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಮಳೆಗಾಲದಲ್ಲಿ ಅದು ಅವಸರದಲ್ಲಿ ಗಟ್ಟಿಯಾಗಿ, ಸುತ್ತ ಬಿಳಿ ಬೂದಿ ಕೂತ ಹಾಗೆ ಮಾಡುತ್ತದೆ. ಕಪ್ಪು ಮರದಲ್ಲಿ ಇದು ಎದ್ದು ಕಾಣುತ್ತದೆ. ತೆರೆದ ಬಾಟಲಿಯನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದು ಒಂದು ಗಂಟೆ ಬಿಟ್ಟು ಮುಚ್ಚಳ ತೆರೆಯಿರಿ. ತಣ್ಣಗಿರುವಾಗಲೇ ತೆರೆದರೆ ಬಾಟಲಿಯ ಬಾಯಲ್ಲೇ ನೀರು ಕೂತು ಅಂಟು ಅಲ್ಲೇ ಗಟ್ಟಿಯಾಗುತ್ತದೆ.

ನಳಿಗೆ ಬಿಟ್ಟುಕೊಂಡರೆ

ಪೆನ್ನನ್ನು ಉಗುರಿನಿಂದ ತಟ್ಟುತ್ತ ಹೋಗಿ. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಪೊಳ್ಳು ಸದ್ದು ಕೊಟ್ಟರೆ ಅಲ್ಲಿ ಮರ ನಳಿಗೆಯನ್ನು ಬಿಟ್ಟಿದೆ. ಕಾರಣ ಹೆಚ್ಚಾಗಿ ಎರಡು. ಹೊಳೆಯುವ ಹಿತ್ತಾಳೆಯನ್ನು ಕೆರೆಯದೆ ಹಾಗೇ ಅಂಟಿಸಿರುತ್ತಾರೆ. ಇಲ್ಲವೇ ಬರೀ ಸೂಪರ್‌ಗ್ಲೂ ಹಾಕಿರುತ್ತಾರೆ. ಅದು ಗಾಜಿನ ಹಾಗೆ ಪೆಡಸು, ಮರದ ಜೊತೆ ಉಬ್ಬಿ ಕುಗ್ಗಲು ಅದಕ್ಕೆ ಬರುವುದಿಲ್ಲ.

ಪೊಳ್ಳು ಬಾಯಿಯ ಹತ್ತಿರ ಇದ್ದರೆ ತೆಳು ಅಂಟನ್ನು ಅಂಚಿನಿಂದಲೇ ಇಳಿಸಬಹುದು. ಒಳಗೆ ಇದ್ದರೆ ಇಡೀ ನಳಿಗೆ ತೆಗೆಯಬೇಕು. ಅದಕ್ಕೆ ಮೆಟ್ಟಿಲು ಇರುವ ಕಡ್ಡಿ ಬೇಕು: ತುದಿಯ 20 ಮಿ.ಮೀ. ಉದ್ದ 6 ಮಿ.ಮೀ. ದಪ್ಪ, ಅದರ ಹಿಂದೆ 6.9 ಮಿ.ಮೀ. ಸಣ್ಣ ಭಾಗ ನಳಿಗೆಯೊಳಗೆ ಹೋಗುತ್ತದೆ, ದಪ್ಪ ಭಾಗ ನಳಿಗೆಯ ಅಂಚನ್ನು ಮಾತ್ರ ತಳ್ಳುತ್ತದೆ, ಮರಕ್ಕೆ ತಾಗುವುದಿಲ್ಲ. ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲೋ ಲೇತ್ ಇಟ್ಟವರಿಗೆ ಈ ಎರಡು ಅಳತೆ ಕೊಟ್ಟರೆ ಚಾ ಕುಡಿದು ಬರುವಷ್ಟರಲ್ಲಿ ಕಡೆದು ಕೊಡುವ ಕೆಲಸ. ನಳಿಗೆಯೊಳಗೆ ಸೋಲ್ಡರಿಂಗ್ ಕಡ್ಡಿ ಇಟ್ಟು ಬಿಸಿ ಮಾಡಿ, ತಟ್ಟಿ ಹೊರಡಿಸಿ.

ಹೊಸ ನಳಿಗೆಯನ್ನು 220ರಲ್ಲಿ ಅಡ್ಡಡ್ಡ ಗೀರು ಬೀಳುವಂತೆ ಕೆರೆದು ಅಸಿಟೋನಿನಲ್ಲಿ ಒರಸಿ. ಎರಡು ಬಾಯಿಗೂ ಮೇಣದ ಬತ್ತಿಯ ಚೂರು ತುರುಕಿದರೆ ಅಂಟು ಒಳಗೆ ಹೋಗುವುದಿಲ್ಲ. ನಿಧಾನಕ್ಕೆ ಗಟ್ಟಿಯಾಗುವ ಸಾದಾ ಅರಾಲ್ಡೈಟ್ ಎರಡೂ ಟ್ಯೂಬಿನಿಂದ ಸಮಸಮ ತೆಗೆದು ಒಂದು ನಿಮಿಷ ಕಲಸಿ. ಐದು ನಿಮಿಷದ್ದು ಬೇಡ, ನಳಿಗೆ ಅರ್ಧ ಒಳಗೆ ಹೋದಾಗಲೇ ಕೈಕೊಡುತ್ತದೆ. ನಳಿಗೆಗೂ ತೂತಿನ ಒಳಗೋಡೆಗೂ ಹಚ್ಚಿ, ತಿರುಗಿಸುತ್ತ ತಳ್ಳಿ, ಒಂದು ಸಲ ಹಿಂದೆ ಮುಂದೆ ಆಡಿಸಿ. 24 ಗಂಟೆ ಮುಟ್ಟಬೇಡಿ.

ಪಾಲಿಶ್

ಲೇತ್ ಇಲ್ಲದಿದ್ದರೆ 6 ಮಿ.ಮೀ. ಥ್ರೆಡ್ ರಾಡ್ ಸಾಕು. ತುಂಡನ್ನು ಅದಕ್ಕೆ ಪೋಣಿಸಿ, ಎರಡೂ ಕಡೆ ವಾಷರು ನಟ್ಟು ಬಿಗಿದು, ರಾಡಿನ ತುದಿಯನ್ನು ಡ್ರಿಲ್ ಮೆಷಿನಿಗೆ ಕಚ್ಚಿಸಿ. ನಟ್ಟು ಕೈಬಿಗಿಗಿಂತ ಹೆಚ್ಚು ಬೇಡ. 320ರಿಂದ ಶುರು ಮಾಡಿ 400, 600. ಪ್ರತಿ ನಂಬರು ಮುಗಿದಾಗ ಮೆಷಿನ್ ನಿಲ್ಲಿಸಿ ಎಳೆಯ ಗುಂಟ ಕೈಯಲ್ಲಿ ಉಜ್ಜಿ. ಇಲ್ಲದಿದ್ದರೆ ಸುತ್ತಲಿನ ಗೀರು ಪಾಲಿಶ್ ಹಾಕಿದ ಮೇಲೆ ಬಳೆಯ ಹಾಗೆ ಕಾಣುತ್ತದೆ. ಸ್ಟೀಲ್ ವೂಲ್ ಒಗರಿನ (ಟ್ಯಾನಿನ್ ಇರುವ) ಮರಕ್ಕೆ ತಾಗಿಸಬೇಡಿ. ಅದರ ಕೂದಲಿನಂಥ ತುಂಡು ಎಳೆಯೊಳಗೆ ಉಳಿದು, ಮಳೆಗಾಲದಲ್ಲಿ ಒಂದೊಂದೂ ಕಪ್ಪು ಚುಕ್ಕೆಯಾಗುತ್ತದೆ.

ಅರಗಿನ ಪಾಲಿಶ್ ಮೇಲೆ ಹೊಗೆ ಕವಿದಂಥ ಬಿಳುಪು ಬಂದಿದ್ದರೆ ಅದು ಒಳಗೆ ಸಿಕ್ಕಿಬಿದ್ದ ನೀರು. ಮಳೆ ಬಿಟ್ಟ ದಿನ, ಟಿಶ್ಯೂವನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಹಿಂಡಿ, ಬರೀ ಪಸೆ ಉಳಿದಾಗ ಒಮ್ಮೆ ಸವರಿದರೆ ಹೋಗುತ್ತದೆ. ಚಂದ ನೋಡಲು ಅರಗಿಗೆ ಸಮ ಇನ್ನೊಂದಿಲ್ಲ. ಆದರೂ ದಿನಾ ಬೆವರು ಕೈಯಲ್ಲಿ ಹಿಡಿಯುವ ವಸ್ತುವಿಗೆ ಈ ಊರಲ್ಲಿ ಅದು ಹೇಳಿಸಿದ್ದಲ್ಲ.

ಸಾಗುವಾನಿ, ಹಲಸು, ಮಾವಿಗೆ ಸೂಪರ್‌ಗ್ಲೂ ಪಾಲಿಶ್ ಬಾಳುತ್ತದೆ. ತೆಳುವಾಗಿ ಎಂಟು ಹತ್ತು ಪದರ, ಪ್ರತಿ ಪದರಕ್ಕೆ ನಾಲ್ಕೈದು ಹನಿ, ಮಡಿಸಿದ ಟಿಶ್ಯೂವಿನಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಎರಡೇ ಸಲ. ಮೂರನೇ ಸಲ ಉಜ್ಜಿದರೆ ಟಿಶ್ಯೂ ಅಲ್ಲೇ ಅಂಟುತ್ತದೆ. ಆಮೇಲೆ ವಾಟರ್‌ಪೇಪರ್ 800, 1000, 1500, 2000, ನೀರು ಹಚ್ಚಿ. ಆದರೆ ಬಾಯಿಯ ಬರಿಮರಕ್ಕೆ ನೀರು ತಾಗಬಾರದು, ಅಲ್ಲಿಗೂ ಮೊದಲೇ ಒಂದು ಹನಿ ಅಂಟು ಸವರಿಟ್ಟಿರಿ. ಈ ಒಂದು ಹನಿಯನ್ನು ಬಿಟ್ಟ ಪೆನ್ನುಗಳಲ್ಲೇ ಒಂದೆರಡು ಮಳೆಗಾಲದೊಳಗೆ ರಿಂಗಿನ ಬುಡದಿಂದ ಪಾಲಿಶ್ ಏಳಲು ಶುರುವಾಗುವುದು.

ಬೀಟೆ, ಕರಿಮರಕ್ಕೆ ಮೇಣ ಮಾತ್ರ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಮೇ ತಿಂಗಳ ಕೈಬಿಸಿಗೇ ಮೆತ್ತಗಾಗಿ ಬೆರಳಚ್ಚು ಹಿಡಿಯುತ್ತದೆ. ಕಾರ್ನೌಬಾ ಮೇಣ ಕರಗಲು 80 ದಾಟಬೇಕು. ಎರಡನ್ನೂ ಬೆರೆಸಿದ್ದು ಸಿಗುತ್ತದೆ, ಎರಡು ತಿಂಗಳಿಗೊಮ್ಮೆ ಹಚ್ಚಿ ಉಜ್ಜಿದರೆ ಆಯಿತು. ಅಗಸೆ ಎಣ್ಣೆ ಹಚ್ಚುವವರು ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯೇರಿ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ. ಶ್ರೀಗಂಧದ ಪೆನ್ನಿಗೆ ಏನೂ ಹಚ್ಚಬೇಡಿ, ಪಾಲಿಶ್ ಅಡಿಯಲ್ಲಿ ಪರಿಮಳ ಮುಚ್ಚಿಹೋಗುತ್ತದೆ.

ಲೋಹ, ಜೋಡಣೆ, ರೀಫಿಲ್ಲು

ಕಡಲ ಗಾಳಿಗೆ ಮೊದಲು ಸೋಲುವುದು ತೆಳು ಚಿನ್ನದ ಲೇಪ. ಕ್ಲಿಪ್ಪಿನ ಬಗ್ಗಿದ ಜಾಗದಲ್ಲಿ ಲೇಪ ಎದ್ದು ಕೆಳಗಿನ ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ದೀಪ, ಚೊಂಬು ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದರೆ ಕಿಲುಬಿನ ಜೊತೆ ಉಳಿದ ಲೇಪವೂ ಹೋಗುತ್ತದೆ. ಬದಲಾಯಿಸುವುದಾದರೆ ಕ್ರೋಮ್ ಲೇಪದ್ದು ಹಾಕಿ.

ಜೋಡಿಸುವಾಗ ವೈಸ್ ಬೇಕು, ಎರಡು ದವಡೆಗೂ ಮರದ ಹಲಗೆ ಕಟ್ಟಿ. ಸುತ್ತಿಗೆಯಿಂದ ತಟ್ಟಿ ಕೂರಿಸಬೇಡಿ, ಒಂದು ಪೆಟ್ಟು ಓರೆಯಾದರೂ ಬಾಯಿ ಸೀಳುತ್ತದೆ. ಮೊದಲು ಮೊನೆ. ಆಮೇಲೆ ತಿರುಗಣೆ, ಹಿತ್ತಾಳೆ ಭಾಗ ಒಳಮುಖವಾಗಿ, ಬರೆದಿಟ್ಟ ಅಳತೆಗಿಂತ 2 ಮಿ.ಮೀ. ಮೊದಲೇ ನಿಲ್ಲಿಸಿ. ರೀಫಿಲ್ಲು ಹಾಕಿ ತಿರುಗಿಸಿ ನೋಡಿ. ಮೊನೆಯಿಂದ ಸುಮಾರು 3 ಮಿ.ಮೀ. ಹೊರಗೆ ಬರಬೇಕು, ತಿರುಗಿಸಿದಾಗ ಪೂರ್ತಿ ಒಳಗೆ ಹೋಗಬೇಕು. ಕಡಿಮೆ ಬಂದರೆ ರೀಫಿಲ್ಲು ತೆಗೆದು ವೈಸನ್ನು ಕಾಲು ಸುತ್ತು ಒತ್ತಿ, ಮತ್ತೆ ನೋಡಿ. ಒಂದು ಸಲ ಜಾಸ್ತಿ ಒತ್ತಿಹೋದರೆ ರೀಫಿಲ್ಲಿನ ತುದಿ ಒಳಗೆ ಹೋಗುವುದೇ ಇಲ್ಲ, ಅಂಗಿಯ ಕಿಸೆಗೆ ಶಾಯಿ. ಆಗ ಮೊನೆ ಹೊರಡಿಸಿ, ತಿರುಗಣೆ ಹೊರಡಿಸಿ, ಎಲ್ಲ ಮೊದಲಿನಿಂದ.

ಬಿಚ್ಚಿ ಹಾಕಿದ ಮೇಲೆ ಯಾವುದಾದರೂ ಭಾಗ ಸಡಿಲಾದರೆ ಒತ್ತುವ ಜಾಗಕ್ಕೆ ಉಗುರುಬಣ್ಣ ಒಂದು ಪದರ ಹಚ್ಚಿ, ಒಣಗಿದ ಮೇಲೆ ಕೂರಿಸಿ. ಬಿಗಿಯಾಗುತ್ತದೆ, ಮುಂದೆ ಬಿಚ್ಚಲೂ ಬರುತ್ತದೆ. ತಿರುಗಣೆಯೇ ಜಾರುತ್ತಿದ್ದರೆ ಅದನ್ನು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ, ಹೊಸದು ಹಾಕಿ.

ಸ್ಲಿಮ್‌ಲೈನಿಗೆ ಕ್ರಾಸ್ ಕಂಪನಿಯ ಮಾದರಿಯ ರೀಫಿಲ್ಲೇ ಬೇಕು, ಎಲ್ಲ ಅಂಗಡಿಯಲ್ಲಿ ಅದು ಸಿಗುವುದಿಲ್ಲ. 98 ಮಿ.ಮೀ. ಉದ್ದದ ಪಾರ್ಕರ್ ಮಾದರಿಯದ್ದು ಮಂಗಳೂರಿನ ಹಂಪನಕಟ್ಟೆಯ ಯಾವ ಸ್ಟೇಷನರಿ ಅಂಗಡಿಯಲ್ಲೂ ಕೇಳಬಹುದು, ಆದರೆ ಅದು 6 ಮಿ.ಮೀ. ದಪ್ಪ, ಈ ತಿರುಗಣೆಯ ತೂತಿನಲ್ಲಿ ಹೋಗುವುದಿಲ್ಲ. ಹೊಸ ಮರದ ಪೆನ್ನು ಕಡೆಸುವವರು ಪಾರ್ಕರ್ ರೀಫಿಲ್ಲಿಗೆ ಆಗುವಂತೆ ಮಾಡಿಕೊಡಿ ಅಂತ ಮೊದಲೇ ಹೇಳುವುದು ಒಳ್ಳೆಯದು.

ಶಾಯಿ ಪೆನ್ನಾದರೆ ಮರದ ಭಾಗವನ್ನು ಯಾವತ್ತೂ ನೀರಲ್ಲಿ ಮುಳುಗಿಸಬೇಡಿ. ನಿಬ್ಬು, ಅದರ ಅಡಿಯ ನಾಲಿಗೆ, ಕನ್ವರ್ಟರ್ ಇಷ್ಟನ್ನು ಬಿಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರಿಗೆ ಎಬೊನೈಟ್ (ಗಟ್ಟಿ ರಬ್ಬರು) ಭಾಗದ ಬಣ್ಣ ಕೆಡುತ್ತದೆ. ಮರದ ಮೈಯೊಳಗೆ ನೇರ ಶಾಯಿ ತುಂಬುವ ಪ್ರಯೋಗವೂ ಬೇಡ, ಎಳೆಯ ಗುಂಟ ಸೋರಿ ಹೊರಗೆ ಬರುತ್ತದೆ. ಮುಚ್ಚಳದ ಮರದ ಮರೆ (ಥ್ರೆಡ್) ಸವೆದಿದ್ದರೆ ತೆಳು ಸೂಪರ್‌ಗ್ಲೂ ಕುಡಿಸಿ, ಪೂರ್ತಿ ಗಟ್ಟಿಯಾದ ಮೇಲೆ ಅದೇ ಅಳತೆಯ, ಮರೆ ಕೊರೆಯುವ ಟ್ಯಾಪ್ ಒಮ್ಮೆ ಓಡಿಸಿದರೆ ಮರೆ ಮತ್ತೆ ಹಿಡಿಯುತ್ತದೆ.

ಜೋಡಿಸಿದ ಪೆನ್ನನ್ನು ಒಮ್ಮೆ ತೂಗಿ, ತಾರೀಕಿನ ಜೊತೆ ಬರೆದಿಡಿ. ಆಗಸ್ಟಿನಲ್ಲಿ ಮತ್ತೆ ತೂಗಿದಾಗ 0.1 ಗ್ರಾಂ ಏರಿದ್ದರೆ ಎಲ್ಲೋ ಬಾಯಿಯ ಬರಿಮರ ಮುಚ್ಚಿಲ್ಲ. ರಿಂಗು ಎಳೆದು ಅಲ್ಲಿ ನೋಡಿ.